ಬಾಟಲಿಯಲ್ಲಿದ್ದ ಕಬ್ಬಿಣ

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ಮಗಳು 9 ವೋಲ್ಟಿನ ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ, ಒಂದು ಲೋಟ ಉಪ್ಪುನೀರು ಇಟ್ಟುಕೊಂಡು ಹೈಡ್ರೋಜನ್ ಗುಳ್ಳೆ ಎಬ್ಬಿಸಿದಳು. ಇಷ್ಟು ಸುಲಭವಾದ ಕೆಲಸಕ್ಕೆ ಇರಿಡಿಯಂ, ಪ್ಲಾಟಿನಂನಂಥ ಅಪರೂಪದ ಲೋಹ ಏಕೆ ಬೇಕು? ಕಬ್ಬಿಣ, ನಿಕ್ಕೆಲ್ ಸಾಲುವುದಿಲ್ಲವೇ?
– ಓದುಗರೊಬ್ಬರು, ಹರಿಹರ

ಉತ್ತರ: ಮೊದಲು ಆ ಉಪ್ಪನ್ನು ತೆಗೆಸಿ. ಉಪ್ಪುನೀರಿನಲ್ಲಿ ಧನಾಗ್ರದ ಕಡೆ, ಅಂದರೆ ಬ್ಯಾಟರಿಯ + ತುದಿಗೆ ಕಟ್ಟಿದ ಕಡ್ಡಿಯಲ್ಲಿ, ಕ್ಲೋರಿನ್ ಏಳುತ್ತದೆ, ಅದು ವಿಷಾನಿಲ. ಅಡುಗೆ ಸೋಡಾ ಹಾಕಿಸಿ, ಕಿಟಕಿ ತೆರೆದಿಡಿ. ಪೆನ್ಸಿಲ್ ಬದಲು ಸ್ಟೀಲ್ ಚಮಚ ಬೇಡ. ಅದರೊಳಗಿನ ಕ್ರೋಮಿಯಂ ನೀರಿಗೆ ಬಿಡಬಹುದು.

ನೀರು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ನಿಮ್ಮ ಮಗಳು 9 ವೋಲ್ಟ್ ಕೊಟ್ಟಿದ್ದಾಳೆ. ಹೆಚ್ಚುವರಿಯಲ್ಲಿ ಒಂದು ಪಾಲು ದ್ರಾವಣದ ತಡೆಗೆ ಹೋಯಿತು, ಇನ್ನೊಂದು ಪಾಲು ಕಡ್ಡಿಯ ಮೈಮೇಲೆ ನಡೆಯಲೊಲ್ಲದ ಕ್ರಿಯೆಯನ್ನು ನಡೆಸಲು. ಈ ಎರಡನೆಯ ಖರ್ಚನ್ನು ಇಳಿಸುವುದೇ ಕ್ರಿಯಾವರ್ಧಕದ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಸುಲಭವಾಗಿಸುವ ವಸ್ತುವಿನ, ಕೆಲಸ. ನೀವು ಕೇಳಿದ ಲೋಹಗಳೆಲ್ಲ ಇಲ್ಲಿ ಮಾಡುವುದು ಇದನ್ನೇ. ಕಾರ್ಖಾನೆಯಲ್ಲಿ ಅದು ಹಣದ ಪ್ರಶ್ನೆ: ಒಂದು ಕಿಲೋ ಹೈಡ್ರೋಜನ್‌ಗೆ ಇಂದು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಕಷ್ಟವೆಲ್ಲ ಹೆಚ್ಚಾಗಿ ಆಮ್ಲಜನಕದ ಕಡೆ. ಒಂದು ಆಮ್ಲಜನಕದ ಅಣು ಹುಟ್ಟಬೇಕಾದರೆ ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನು ಕೀಳಬೇಕು.

ಕಬ್ಬಿಣ, ನಿಕ್ಕೆಲ್ ಸಾಲುತ್ತವೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವಾಗ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣದಲ್ಲಿ ಎರಡು ನಿಕ್ಕೆಲ್ ತಗಡು ಇಳಿಬಿಟ್ಟು ತೋರಿಸುತ್ತಿದ್ದೆ. ಹೊಸ ತಗಡಿಗಿಂತ ನಾಲ್ಕು ದಿನ ದ್ರಾವಣದಲ್ಲಿ ದುಡಿದ ತಗಡು ಕಡಿಮೆ ವೋಲ್ಟಿನಲ್ಲೇ ಗುಳ್ಳೆ ಬಿಡುತ್ತಿತ್ತು. ಹಳತಾದ ವಸ್ತು ಚುರುಕಾಗುವುದು ಹೇಗೆಂದು ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಕಾರಣ ಕಪಾಟಿನಲ್ಲಿದ್ದ ಬಾಟಲಿಯಲ್ಲಿತ್ತು. ನಾವು ಶುದ್ಧವೆಂದು ಕೊಳ್ಳುವ ಆ ಕ್ಷಾರದಲ್ಲೂ ಲವಲೇಶ ಕಬ್ಬಿಣವಿರುತ್ತದೆ, ಅದು ಮೆಲ್ಲಗೆ ನಿಕ್ಕೆಲ್ಲಿನ ಮೈ ಸೇರುತ್ತದೆ. ಅಮೆರಿಕದ ಡೆನಿಸ್ ಕಾರಿಗನ್ 1987ರಲ್ಲೇ ಈ ಕಬ್ಬಿಣದ ಪ್ರಭಾವವನ್ನು ವರದಿ ಮಾಡಿದ್ದರು. 2014ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಶಾನನ್ ಬೋಟ್ಚರ್ ತಂಡ ಕ್ಷಾರದಿಂದ ಕಬ್ಬಿಣವನ್ನು ಸೋಸಿ ತೆಗೆದು ನೋಡಿತು; ಬರಿಯ ನಿಕ್ಕೆಲ್ ತೀರ ಸಾಧಾರಣವಾಗಿ ನಡೆದುಕೊಂಡಿತು. ಎಷ್ಟೋ ವರ್ಷ ನಿಕ್ಕೆಲ್ಲಿಗೆ ಸಂದ ಹೆಸರು ಬಹುಪಾಲು ಕಬ್ಬಿಣದ್ದು! ಇದನ್ನು ಓದಿದ ದಿನ ನನಗೆ ಆ ಹಳೆಯ ತಗಡುಗಳೇ ಕಣ್ಣ ಮುಂದೆ ಬಂದವು.

ಹಾಗಾದರೆ ಇರಿಡಿಯಂ ಏಕೆ? ನೀರು ಒಡೆಯುವ ಘಟಕಗಳಲ್ಲಿ ಒಂದು ಬಗೆಯವಕ್ಕೆ ನಡುವೆ ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ದಾಟಿಸುವ ಪೊರೆಯಿರುತ್ತದೆ. ಅವು ಚಿಕ್ಕವು, ಬಿಸಿಲು ಗಾಳಿಯಿಂದ ಬರುವ ವಿದ್ಯುತ್ತಿನ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಆದರೆ ಆ ಪೊರೆಯ ಒಳಗು ಆಮ್ಲೀಯ. ನಿಕ್ಕೆಲ್ಲೂ ಕಬ್ಬಿಣವೂ ಅಲ್ಲಿ ಕರಗಿಹೋಗುತ್ತವೆ. ಆಮ್ಲಜನಕದ ಕಡೆ ತಾಳಿಕೊಂಡು ಚೆನ್ನಾಗಿ ದುಡಿಯುವುದು ಇರಿಡಿಯಂ. ಅದು ಪ್ಲಾಟಿನಂ ಗಣಿಗಳ ಉಪೋತ್ಪನ್ನ, ಇಡೀ ಜಗತ್ತಿಗೆ ವರ್ಷಕ್ಕೆ ಏಳೆಂಟು ಟನ್, ಹೆಚ್ಚಿನದು ದಕ್ಷಿಣ ಆಫ್ರಿಕದಿಂದ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಮೂಲಗಳ ವಿದ್ಯುತ್ತಿನಿಂದ ಮಾಡಿದ್ದು) ಎಂದು ಗುರಿಯಿಟ್ಟ ನಮ್ಮ ದೇಶ ಅದೊಂದನ್ನೇ ನಂಬಿ ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಷಾರೀಯ ಪೊರೆಯ ಘಟಕಗಳಲ್ಲಿ ನಿಕ್ಕೆಲ್–ಕಬ್ಬಿಣ ನಡೆಯುತ್ತದೆ. ಅಲ್ಲಿ ಪೊರೆಯ ಬಾಳಿಕೆ ಇನ್ನೂ ಹೆಚ್ಚಬೇಕು, ತಗಡಿನ ಮೈಯಿಂದ ಕಬ್ಬಿಣ ಕಳಚಿಹೋಗುವುದೂ ನಿಲ್ಲಬೇಕು.

ಮಗಳಿಗೆ ಹೇಳಿ, ಸೋಡಾ ನೀರಿಗೆ ಮೊದಲು 1.5 ವೋಲ್ಟಿನ ಒಂದೇ ಸೆಲ್ ಕಟ್ಟಲಿ. ಲೆಕ್ಕಕ್ಕೆ ಸಾಕಾದರೂ ಗುಳ್ಳೆ ಏಳುವುದು ಕಷ್ಟ. ಆಮೇಲೆ ಎರಡು ಸೆಲ್ ಸಾಲಾಗಿ ಜೋಡಿಸಿ, ಯಾವ ಕಡ್ಡಿಯಲ್ಲಿ ಗುಳ್ಳೆ ಹೆಚ್ಚು ಎಂದು ಬರೆದಿಟ್ಟು ನನಗೆ ಕಳಿಸಲಿ.