ನೀವು ಹುಟ್ಟಿದ್ದು ಎಲ್ಲಿ, ರಾಯರೇ?

ಬಸವನಗುಡಿಯ ಓದುಗರೊಬ್ಬರ ಪತ್ರ: "ನನ್ನ 4 ವರ್ಷದ ಮೊಮ್ಮಗಳಿಗೆ ಜ್ವರ ಬಂತು. ಮೂರನೇ ದಿನ ಮಂಕಾದಳು, ಕೈಕಾಲು ತಣ್ಣಗಾದವು. ಖಾಸಗಿ ಆಸ್ಪತ್ರೆಯಲ್ಲಿ ಸೆಪ್ಸಿಸ್ ಅಂದರು. 11 ದಿನ ಐಸಿಯು, ಬಿಲ್ಲು 9 ಲಕ್ಷ. 5 ಲಕ್ಷದ ಪಾಲಿಸಿ ಇತ್ತು. ರೂಮ್ ಬಾಡಿಗೆ ಮಿತಿ ಮೀರಿದೆ ಅಂತ ಎಲ್ಲದರಲ್ಲೂ ಕಡಿತ ಮಾಡಿ 3 ಲಕ್ಷ ಕೊಟ್ಟರು. ಸೊಸೆಯ ಬಳೆ ಅಡ ಇಟ್ಟೆವು. ಸರ್ಕಾರಿ ಆಸ್ಪತ್ರೆಗಂತೂ ನಮ್ಮಂಥವರು ಹೋಗೋ ಹಾಗಿಲ್ಲ. ಖಾಸಗಿಯವರ ರೇಟಿಗೆ ಸರ್ಕಾರ ಮೂಗುದಾರ ಹಾಕಬಾರದೇ?"

ಸಂಪಾದಕರ ಉತ್ತರ:

ರಾಯರೇ, ಮಗು ಮನೆಗೆ ಬಂತಲ್ಲ, ಅದು ದೊಡ್ಡದು. ನಿಮ್ಮ ಪತ್ರ ಎರಡು ಸಲ ಓದಿದೆ. ಎರಡು ಸಲವೂ 'ನಮ್ಮಂಥವರು' ಅನ್ನೋ ಮಾತಿನ ಹತ್ತಿರ ನಿಂತುಬಿಟ್ಟೆ.

ಮೊದಲು ಮೂಗುದಾರದ ವಿಷಯ. 2017ರಲ್ಲಿ ನಮ್ಮ ರಾಜ್ಯವೇ ಅದಕ್ಕೆ ಕೈ ಹಾಕಿತ್ತು. ಖಾಸಗಿ ಆಸ್ಪತ್ರೆಗಳ ಕಾಯ್ದೆ ತಿದ್ದಲು ಹೊರಟಾಗ ನವೆಂಬರಿನಲ್ಲಿ ಡಾಕ್ಟರುಗಳು ಮುಷ್ಕರಕ್ಕೆ ಇಳಿದರು. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಾಕಿಗಾಗಿ ಶವ ಹಿಡಿದಿಟ್ಟುಕೊಳ್ಳಬಾರದು ಅನ್ನೋ ಮಾತುಗಳು ಉಳಿದವು. ಎಲ್ಲ ಚಿಕಿತ್ಸೆಗೂ ದರ ಕಟ್ಟುವ ಮಾತು ಜಾರಿಕೊಂಡಿತು. ಆಸ್ಪತ್ರೆಯವರ ಮಾತಿನಲ್ಲೂ ಹುರುಳಿದೆ ಅನ್ನಿ. ವೆಂಟಿಲೇಟರ್ ಮೇಲಿರುವ ಮಗುವಿನ ಪಕ್ಕ ಮೂರು ಪಾಳಿಯಲ್ಲೂ ಒಬ್ಬ ನರ್ಸ್ ಇರಬೇಕು. ಸಂಬಳ ಯಾರೋ ಕೊಡಲೇಬೇಕು. ಅವರ ಪರ ನನ್ನ ವಕಾಲತ್ತು ಇಷ್ಟೇ.

ಸೆಪ್ಸಿಸ್ ಅಂದರೆ ಸೋಂಕಿನ ಜೊತೆ ಗುದ್ದಾಡಲು ಹೊರಟ ದೇಹ ತನ್ನ ಅಂಗಗಳನ್ನೇ ಹಾಳುಮಾಡಿಕೊಳ್ಳೋದು. ಶಾಕ್‌ಗೆ, ಅಂದರೆ ರಕ್ತ ಸಂಚಾರವೇ ಕುಸಿಯುವ ಸ್ಥಿತಿಗೆ, ಹೋದ ಮಗುವಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಿ ಅನ್ನುತ್ತದೆ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆ ಗಂಟೆಗೆ ಬೇಕಾದ್ದು ಆಂಟಿಬಯೋಟಿಕ್, ಸಲೈನ್, ಆಕ್ಸಿಜನ್, ಬಿಪಿ ಏರಿಸೋಕೆ ಅಡ್ರಿನಲಿನ್. ಅಡ್ರಿನಲಿನ್ ನೂರು ವರ್ಷಕ್ಕೂ ಹಳೆಯ ಔಷಧಿ. ಇವು ಯಾವುವೂ ಬಳೆ ಅಡ ಇಡಿಸುವಂಥವಲ್ಲ. ಮನೆ ಬರಿದು ಮಾಡೋದು ಆಮೇಲಿನ ದಿನಗಳು: ವೆಂಟಿಲೇಟರ್, ಡಯಾಲಿಸಿಸ್, ಮತ್ತೆ ಮತ್ತೆ ರಕ್ತಪರೀಕ್ಷೆ, ಐಸಿಯು ಬಾಡಿಗೆ. ಆ ದಿನಗಳನ್ನು ಒಂದು ಸಂಸಾರ ಒಂಟಿಯಾಗಿ ಹೊರೋಕಾಗಲ್ಲ. ಸರ್ಕಾರಿ ಐಸಿಯು ಇರಬೇಕಾದ್ದೇ ಅದಕ್ಕೆ.

ಈಗ ನನ್ನ ಹಳೇ ಜಗಳ. ಎದೆ ನೋವು ಬಂದರೆ ನೀವು ಜಯದೇವಕ್ಕೆ ಓಡುತ್ತೀರಿ. ತಲೆಗೆ ಪೆಟ್ಟಾದರೆ ನಿಮ್ಹಾನ್ಸ್. ಕ್ಯಾನ್ಸರ್ ಅಂದರೆ ಕಿದ್ವಾಯಿ. ಮೂರೂ ಸರ್ಕಾರದ್ದೇ ಅಲ್ವಾ? ಅಲ್ಲಿ ನಮ್ಮಂಥವರು ಸಾಲಿನಲ್ಲಿ ನಿಲ್ಲುತ್ತೇವೆ, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ನಿಮ್ಹಾನ್ಸ್ ಪಕ್ಕ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಮಾರ್ಕೆಟ್ ಹತ್ತಿರ 1935ರ ವಾಣಿ ವಿಲಾಸ ಹೆರಿಗೆ-ಮಕ್ಕಳ ಆಸ್ಪತ್ರೆ ಇದೆ. ಬಸವನಗುಡಿ, ಚಾಮರಾಜಪೇಟೆಯ ಎಷ್ಟೋ ಮಂದಿ ಹುಟ್ಟಿದ್ದು ಅಲ್ಲೇ. ನಾನೂ. ನಿಮ್ಮ ಜನ್ಮಪತ್ರ ಸ್ವಲ್ಪ ತೆಗೆದು ನೋಡಿ.

ನಮ್ಮ ಅಕ್ಕನ ಮಗನನ್ನು ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೆವು. ಇದೇ ಕಾಯಿಲೆ. ಆಗ ಅದನ್ನು ರಕ್ತಕ್ಕೆ ನಂಜು ಅನ್ನುತ್ತಿದ್ದರು. ವೆಂಟಿಲೇಟರ್ ಖಾಲಿ ಇರಲಿಲ್ಲ. ಪಿಜಿ ಓದುತ್ತಿದ್ದ ಒಬ್ಬ ಹುಡುಗಿ ಬೆಳಗಿನ ಜಾವದವರೆಗೆ ಕೈಯಲ್ಲೇ ಬ್ಯಾಗ್ ಒತ್ತುತ್ತಾ ಉಸಿರು ಕೊಟ್ಟಳು. ಭಾವ ಕಾಫಿ ತಂದರೆ ಆರಿಹೋಯಿತು, ಕುಡಿಯಲು ಅವಳಿಗೆ ಕೈ ಬಿಡುವಿರಲಿಲ್ಲ. ಆರಕ್ಕೆ ಒಂದು ಮೆಷಿನ್ ಖಾಲಿಯಾಯಿತು. ಯಾಕೆ ಖಾಲಿಯಾಯಿತು ಅಂತ ನಾವು ಯಾರೂ ಕೇಳಲಿಲ್ಲ. ಹುಡುಗ ಈಗ ನನಗಿಂತ ಎತ್ತರ.

ಆ ಹುಡುಗಿಗೆ ಇನ್ನೊಂದು ಮೆಷಿನ್ ಕೊಡಿಸಿ ಅಂತ ಗಲಾಟೆ ಮಾಡಬೇಕಾದವರು ನಾವು. ಅರ್ಜಿ ಬರೆಯಲು, ಪೇಪರಿನವರಿಗೆ ಫೋನ್ ಮಾಡಲು ಬರುವವರು ನಾವು. ಮೊದಲು ಸರ್ಕಾರಿ ಶಾಲೆ ಬಿಟ್ಟೆವು. ಆಮೇಲೆ ನಲ್ಲಿ ನೀರು ಬಿಟ್ಟು ಕ್ಯಾನು ಹಿಡಿದೆವು. ಆಮೇಲೆ ಮಕ್ಕಳ ಆಸ್ಪತ್ರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಬೇಕೋ ಬೇಡವೋ ಅಂತ ನಮ್ಮ ಬೀದಿಯ ವಾಟ್ಸಾಪಿನಲ್ಲಿ ನಡುರಾತ್ರಿವರೆಗೂ ಕಾದಾಟ. ಊರಲ್ಲಿ ಮಕ್ಕಳ ಐಸಿಯು ಬೆಡ್ ಎಷ್ಟಿವೆ ಅಂತ ಒಬ್ಬರೂ ಕೇಳಿದ್ದು ನೋಡಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೂ ಸರ್ಕಾರ ಕಟ್ಟಿದ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ನಿಮ್ಮ ಮನೆಯಲ್ಲಿ ಆ ಯೋಜನೆಯ ಕಾರ್ಡ್ ಇದೆಯೇ? ಬಡವರ ಕಾರ್ಡು ಅಂತ ಸುಮ್ನೆ ಬಿಟ್ಟಿರುತ್ತೀರಿ.

ಬೈದದ್ದು ಜಾಸ್ತಿಯಾಯಿತು. ಒಂದು ಕೆಲಸದ ಮಾತು ಹೇಳಿಬಿಡುತ್ತೇನೆ. ರೂಮ್ ಬಾಡಿಗೆ ಹೆಚ್ಚಾಯಿತು ಅಂತ ಅದೇ ಅನುಪಾತದಲ್ಲಿ ಐಸಿಯು ಶುಲ್ಕ ಕತ್ತರಿಸುವ ಹಾಗಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ. ಬಿಲ್ಲಿನ ಪೂರ್ತಿ ವಿವರ ತೆಗೆಸಿ. ಮೊದಲು ವಿಮಾ ಕಂಪನಿಗೇ ಲಿಖಿತ ದೂರು ಕೊಡಿ. ಅವರು ಬಗ್ಗದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಕಚೇರಿ ಇದೆ, ಶುಲ್ಕವಿಲ್ಲ. ಬಸವನಗುಡಿಯಿಂದ ಎಷ್ಟು ದೂರ? ಬಳೆ ಬಿಡಿಸಿಕೊಂಡ ದಿನ ಒಂದು ಕಾರ್ಡು ಹಾಕಿ.