ಸೆಲ್ಲು, ಬಲ್ಬು ಮಕ್ಕಳ ಕೈಗೇ ಕೊಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪ್ರೈಮರಿ ಶಾಲೆಯವೇ. ಚಿಕ್ಕ ಮಕ್ಕಳು ಬಿಚ್ಚುವುದು, ಜೋಡಿಸುವುದು, ಕೈಯಾರೆ ಏನಾದರೂ ಮಾಡುವುದು, ಅದರ ಬಗ್ಗೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಅಲ್ಲಿ ಹೇಳುವುದೂ ಜಾಸ್ತಿ ಇತ್ತು.

ಪ್ರಶ್ನೆ: ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್. 34 ಮಕ್ಕಳು. ಹೆಚ್ಚಿನವರ ಮನೆಯವರು ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ದಾನಿಗಳೊಬ್ಬರು ರೊಬೊಟಿಕ್ಸ್ ಕಿಟ್ ಕೊಡಿಸುತ್ತೇನೆ ಎಂದಿದ್ದಾರೆ, ಇಡೀ ಶಾಲೆಗೆ ಒಂದು. ದೊಡ್ಡ ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬ್ ಇದೆಯಂತಲ್ಲ, ಅದು ನಮಗೂ ಸಿಗುತ್ತದಾ? ನನಗೆ ಎಲೆಕ್ಟ್ರಾನಿಕ್ಸ್ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀಚರೇ, ಮೊದಲು ಲ್ಯಾಬಿನ ವಿಷಯ ಮುಗಿಸೋಣ. ನೀವು ಕೇಳುತ್ತಿರುವುದು ಅಟಲ್ ಟಿಂಕರಿಂಗ್ ಲ್ಯಾಬ್, ಮಕ್ಕಳು ಕೈಯಾರೆ ಜೋಡಿಸಿ, ಮಾಡಿ ಕಲಿಯುವ ಕೋಣೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಅದರಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಆದರೆ ಅದು 6ರಿಂದ 12ನೇ ತರಗತಿಯವರಿಗೆ. ನಿಮ್ಮ ಮಕ್ಕಳು ಅದರೊಳಗೆ ಬರುವುದಿಲ್ಲ. ಬೇಜಾರು ಬೇಡ. ಒಂಬತ್ತು ವರ್ಷದ ಮಗುವಿಗೆ ಬೇಕಾದ ಸಾಮಾನು ಅಷ್ಟು ದುಬಾರಿಯದ್ದೇ ಅಲ್ಲ.

ಇನ್ನು ಆ ಕಿಟ್ಟು. 34 ಮಕ್ಕಳಿಗೆ ಒಂದು ಪೆಟ್ಟಿಗೆ ಬಂದರೆ ಏನಾಗುತ್ತದೆ ಎಂದು ನಾನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ಚುರುಕಾದ ನಾಲ್ಕು ಹುಡುಗರು ಮುಂದೆ ಕೂತು ಜೋಡಿಸುತ್ತಾರೆ, ಹುಡುಗಿಯರು ಹಿಂದೆ ಸರಿಯುತ್ತಾರೆ, ಉಳಿದವರು ಕೈಕಟ್ಟಿ ನೋಡುತ್ತಾರೆ, ಆಮೇಲೆ ಒಂದು ಚಕ್ರ ಕಳೆದುಹೋಯಿತು ಅಂತ ಪೆಟ್ಟಿಗೆ ಕಪಾಟಿಗೆ ಹೋಗಿ ಬೀಗ ಬೀಳುತ್ತದೆ. ದಾನಿಗಳಿಗೆ ನೇರವಾಗಿ ಹೇಳಿ: ಒಂದು ಕಿಟ್ ಬೇಡ, 17 ಜೊತೆ ಸಾಮಾನು ಕೊಡಿಸಿ, ಇಬ್ಬರು ಮಕ್ಕಳಿಗೆ ಒಂದು ಜೊತೆ. ಅವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಿರುವುದು, ಕೇಳಿದರೆ ಒಪ್ಪುತ್ತಾರೆ.

ಒಂದು ಜೊತೆ ಅಂದರೆ ಇಷ್ಟೇ: ಒಂದು ಪೆನ್ಸಿಲ್ ಸೆಲ್ಲು, 1.5 ವೋಲ್ಟಿನ ಒಂದು ಟಾರ್ಚ್ ಬಲ್ಬು, ಎರಡೂ ತುದಿ ಸುಲಿದ ಒಂದು ತುಂಡು ವೈರು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ವಿಚಾರಿಸಿ. ಸೆಲ್ಲು ಕೊಳ್ಳುವಾಗ ಅಗ್ಗದ ಮಾಮೂಲಿ ಜಿಂಕ್ ಸೆಲ್ಲನ್ನೇ ಕೊಳ್ಳಿ. ಆಲ್ಕಲೈನ್ ಬೇಡ, ರೀಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಮಕ್ಕಳು ವೈರನ್ನು ಸೆಲ್ಲಿನ ಎರಡೂ ತುದಿಗೆ ನೇರ ಹಚ್ಚಿಯೇ ಹಚ್ಚುತ್ತಾರೆ. ಜಿಂಕ್ ಸೆಲ್ಲಿನಲ್ಲಿ ವೈರು ಬಿಸಿಯಾದರೂ ಕಡಿಮೆ, ರೀಚಾರ್ಜ್ ಸೆಲ್ಲಿನಲ್ಲಿ ಬೆರಳು ಸುಡುವಷ್ಟು ಕರೆಂಟ್ ಹರಿಯುತ್ತದೆ. ಬಿಸಿಯಾದ ಕೂಡಲೇ ಬಿಡಬೇಕು ಎಂದು ಮೊದಲೇ ಹೇಳಿಡಿ.

ಈಗ ಎಲ್ಲರಿಗೂ ಸಾಮಾನು ಹಂಚಿ, "ಬಲ್ಬು ಹೊತ್ತಿಸಿ" ಎಂದಷ್ಟೇ ಹೇಳಿ. ಬೋರ್ಡಿನ ಮೇಲೆ ಚಿತ್ರ ಬರೆಯಬೇಡಿ. ಹೆಚ್ಚಿನ ಮಕ್ಕಳು ಸೆಲ್ಲಿನ ಒಂದು ತುದಿಗೆ ಮಾತ್ರ ವೈರು ಹಚ್ಚಿ ಕಾಯುತ್ತಾರೆ, ನೀರಿನ ಪೈಪಿನಂತೆ ಕರೆಂಟ್ ಒಂದೇ ಕಡೆಯಿಂದ ಬಂದು ಬಲ್ಬಿಗೆ ಸೇರುತ್ತದೆ ಎಂಬುದು ಅವರ ಲೆಕ್ಕ. ಹೊತ್ತುವುದಿಲ್ಲ. ಆಗ ಅವರು ನಿಮ್ಮ ಮುಖ ನೋಡುತ್ತಾರೆ. ಆ ಹೊತ್ತಿನಲ್ಲಿ ನೀವು ಕೈ ಹಾಕಬಾರದು, ಇಡೀ ಪಾಠದಲ್ಲಿ ಕಷ್ಟದ ಕೆಲಸ ಅದೊಂದೇ. "ಬಲ್ಬನ್ನು ಹತ್ತಿರ ಹಿಡಿದು ನೋಡು, ಲೋಹ ಎಲ್ಲೆಲ್ಲಿ ಇದೆ?" ಎಂದು ಬೇಕಿದ್ದರೆ ಕೇಳಿ. ಬಲ್ಬಿಗೆ ತಾಗಬೇಕಾದ ಜಾಗ ಎರಡು, ಕೆಳಗಿನ ತುದಿ ಒಂದು, ಪಕ್ಕದ ಲೋಹದ ಬಳೆ ಇನ್ನೊಂದು. ಸೆಲ್ಲಿನ ಒಂದು ತುದಿಯಿಂದ ಹೊರಟು ಬಲ್ಬಿನೊಳಗೆ ಹಾದು ಇನ್ನೊಂದು ತುದಿಗೆ ದಾರಿ ಮುಚ್ಚಬೇಕು. ಇದನ್ನು ಒಬ್ಬಳು ಕಂಡುಕೊಂಡಳು ಅಂದರೆ ಮುಗಿಯಿತು, ಹತ್ತು ನಿಮಿಷದಲ್ಲಿ ಇಡೀ ಕ್ಲಾಸು ಬೆಳಗುತ್ತದೆ. ನೀವು ಹೇಳಿಕೊಟ್ಟರೆ ಎರಡೇ ನಿಮಿಷ ಸಾಕು, ನಿಜ, ಆದರೆ ಆ ಮಗುವಿಗೆ ಅದು ತನ್ನದು ಅನಿಸುವುದಿಲ್ಲ.

ಟಾರ್ಚ್ ಬಲ್ಬು ಈಗ ಎಲ್ಲ ಕಡೆ ಸಿಗುವುದಿಲ್ಲ. ಎಲ್‌ಇಡಿ ತಂದರೆ ಒಂದು ಸೆಲ್ಲು ಸಾಲದು, ಎರಡು ಬೇಕು. ಬಿಳಿ ಅಥವಾ ನೀಲಿ ಎಲ್‌ಇಡಿ ತನ್ನಿ, ಅವಕ್ಕೆ ಸುಮಾರು 3 ವೋಲ್ಟ್ ಬೇಕು. ಕೆಂಪಿಗೆ 2 ವೋಲ್ಟ್ ಸಾಕು, ಎರಡು ಸೆಲ್ಲಿಗೆ ನೇರ ಹಾಕಿದರೆ ಬೇಗ ಸುಟ್ಟುಹೋಗಬಹುದು. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ಉರಿಯುವುದಿಲ್ಲ, ಅದನ್ನೂ ಮಕ್ಕಳೇ ಕಂಡುಹಿಡಿಯಲಿ.

ಮುಂದಿನ ವಾರ ಇನ್ನೊಂದು ತುಂಡು ವೈರು ಕೊಡಿ, ನಡುವೆ ಒಂದು ಬಿಟ್ಟ ಜಾಗ. ಅಲ್ಲಿ ಬಳೆ, ನಾಣ್ಯ, ಸೀಮೆಸುಣ್ಣ, ಹೇರ್‌ಪಿನ್, ಪೆನ್ಸಿಲ್ಲಿನ ಕಡ್ಡಿ ಇಟ್ಟು ಯಾವುದರಲ್ಲಿ ಕರೆಂಟ್ ಹರಿಯುತ್ತದೆ ನೋಡಲಿ. ಪೆನ್ಸಿಲ್ಲಿನ ಕಡ್ಡಿ ಇಟ್ಟಾಗ ಬಲ್ಬು ಮಂಕಾಗುತ್ತದೆ, ಉದ್ದ ಜಾಸ್ತಿಯಾದಷ್ಟೂ ಇನ್ನೂ ಮಂಕು, ಅದನ್ನು ನೋಡಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಆ ಪಿರಿಯಡ್ ಸಾಲುವುದಿಲ್ಲ. ಎರಡು ಪಿರಿಯಡ್ ಒಟ್ಟಿಗೆ ತೆಗೆದುಕೊಳ್ಳಲು ಹೆಡ್ಮಾಸ್ತರರನ್ನು ಕೇಳಿ.

ಆಮೇಲೆ ಮೋಟಾರು. ಭಂಗಾರ್ ಅಂಗಡಿಯಲ್ಲಿ, ಅಂದರೆ ಗುಜರಿಯಲ್ಲಿ, ಮುರಿದ ಆಟಿಕೆ ಕಾರುಗಳು ಸಿಗುತ್ತವೆ, ಅವುಗಳೊಳಗೆ ಚಿಕ್ಕ ಮೋಟಾರು ಇರುತ್ತದೆ. ಅದರ ತಿರುಗುವ ಕಡ್ಡಿಗೆ ಒಂದು ರಬ್ಬರ್ ತುಂಡನ್ನು ಓರೆಯಾಗಿ ಚುಚ್ಚಿ, ಕಾಗದದ ಲೋಟ ಬೋರಲು ಹಾಕಿ ಅದರ ಮೇಲೆ ಮೋಟಾರನ್ನು ಅಂಟಿಸಿ, ಲೋಟಕ್ಕೆ ಮೂರು ಸ್ಕೆಚ್ ಪೆನ್ನು ಕಾಲಿನಂತೆ ಕಟ್ಟಿ. ಸೆಲ್ಲು ಕೊಟ್ಟರೆ ಲೋಟ ನಡುಗುತ್ತಾ ಕಾಗದದ ಮೇಲೆ ಸುತ್ತು ಸುತ್ತು ಬರೆಯುತ್ತದೆ. ರಬ್ಬರ್ ಸ್ವಲ್ಪ ಸರಿಸಿದರೆ ಗೆರೆ ಬೇರೆ, ಒಂದು ಕಾಲು ಗಿಡ್ಡ ಮಾಡಿದರೆ ಬೇರೆ, ಸೆಲ್ಲು ತಿರುಗಿಸಿದರೆ ಮೋಟಾರು ಉಲ್ಟಾ. ಯಂತ್ರ ನಡುಗುವುದು ಯಾಕೆ ಎಂಬುದಕ್ಕೆ ಮಕ್ಕಳೇ ಕಾರಣ ಹುಡುಕುತ್ತಾರೆ. ಒಂದೊಂದು ಗುಂಪಿನದು ಒಂದೊಂದು ಥರ ಬರೆಯುತ್ತದೆ, ಹಾಗಾಗಿ ಪಕ್ಕದವರದ್ದು ನೋಡಿ ನಕಲು ಮಾಡಿ ಮುಗಿಸುವ ಪ್ರಶ್ನೆಯೇ ಬರುವುದಿಲ್ಲ.

ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಮಾನ್‌ಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ, 1974ರಿಂದ ಇರುವ ಸಂಸ್ಥೆ. 3ರಿಂದ 5ನೇ ತರಗತಿಗೆಂದೇ ಅವರು ಕೈಯಿಂದ ಮಾಡಿ ಕಲಿಯುವ ಪಾಠಗಳನ್ನು ಬರೆದಿದ್ದಾರೆ, ಟೀಚರ್‌ಗೆ ಬೇರೆ ಪುಸ್ತಕವೂ ಇದೆ. ಅರವಿಂದ ಗುಪ್ತಾ ಅವರ ಕೆಲಸವನ್ನೂ ನೋಡಲೇಬೇಕು. ಐಐಟಿ ಕಾನ್ಪುರದಲ್ಲಿ ಓದಿ, ಪುಣೆಯಲ್ಲಿ ಟೆಲ್ಕೋದಲ್ಲಿ ಇಂಜಿನಿಯರ್ ಆಗಿದ್ದವರು, ಕಸದಿಂದ ಆಟಿಕೆ ಮಾಡುವುದಕ್ಕೇ ಬದುಕು ಕೊಟ್ಟರು. 2018ರಲ್ಲಿ ಪದ್ಮಶ್ರೀ ಬಂತು. ಅವರ ವಿಡಿಯೋಗಳು ಹಲವು ಭಾಷೆಗಳಲ್ಲಿ ಪುಕ್ಕಟೆ ಸಿಗುತ್ತವೆ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕಾರ ಕಟ್ಟುವುದನ್ನು ನಿಮ್ಮ ಮಕ್ಕಳಿಗೆ ಮಾಡಿಸಿ. ಕಡ್ಡಿಯ ಮದ್ದು ಮೊದಲೇ ಕೆರೆದು ತೆಗೆದಿಡಿ. ಚೌಕ ಕಟ್ಟಿದರೆ ಒತ್ತಿದ ಕೂಡಲೇ ವಾಲುತ್ತದೆ, ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ. ಮರುದಿನ ರೈಲ್ವೆ ಸೇತುವೆಯಲ್ಲೋ ಕರೆಂಟಿನ ಟವರಿನಲ್ಲೋ ಎಷ್ಟು ತ್ರಿಕೋನ ಇವೆ ಎಂದು ಎಣಿಸಿಕೊಂಡು ಬರಲಿ.

ಮಕ್ಕಳು ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಮರಾಠಿ ಆಡುತ್ತಾರೆ. ವೈರು ಜೋಡಿಸುವಾಗ ಯಾವ ಮಾತು ಬಂದರೂ ಬರಲಿ, ತಿದ್ದಬೇಡಿ. ಮುಗಿದ ಮೇಲೆ ಏನು ಮಾಡಿದೆವು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ. ನಿಮ್ಮ ಮಕ್ಕಳ ಅಪ್ಪಂದಿರಲ್ಲಿ ವೈರಿಂಗ್ ಮಾಡುವವರು, ಗಾರೆ ಕೆಲಸದವರು ಇದ್ದೇ ಇರುತ್ತಾರೆ, ತಾಯಂದಿರಲ್ಲಿ ಹೊಲಿಗೆ ಯಂತ್ರ ತುಳಿಯುವವರು. ಒಂದು ಶನಿವಾರ ಕರೆಯಿರಿ. ತನ್ನ ಅಪ್ಪ ಕ್ಲಾಸಿನ ಮುಂದೆ ನಿಂತು ಹೇಳಿಕೊಡುವುದನ್ನು ನೋಡುವ ಮಗುವಿಗೆ ಅದೂ ಒಂದು ಪಾಠವೇ.

ಪ್ರಶ್ನೆ: ನನ್ನ ಮಗ ಎರಡನೇ ತರಗತಿ, ಪುಣೆಯ ಪಿಂಪಳೆ ಸೌದಾಗರ್‌ನಲ್ಲಿ ಇದ್ದೇವೆ. ಮನೆಯಲ್ಲಿ ಏನು ಕಂಡರೂ ಬಿಚ್ಚುತ್ತಾನೆ. ಸೊಸೈಟಿಯವರೆಲ್ಲ ಕೋಡಿಂಗ್ ಕ್ಲಾಸಿಗೆ ಹಾಕಿ ಅನ್ನುತ್ತಾರೆ. ಹಾಕಲಾ? ಬಿಚ್ಚುವುದನ್ನು ನಿಲ್ಲಿಸಲಾ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಆದರೆ ಯಾವುದನ್ನು ಬಿಚ್ಚಬಹುದು ಎಂದು ನೀವೇ ತೀರ್ಮಾನಿಸಿ, ಅದಕ್ಕೊಂದು ಡಬ್ಬಿ ಇಡಿ. ಹಳೆ ಗೋಡೆ ಗಡಿಯಾರ, ಕಂಪ್ಯೂಟರಿನ ಮೌಸು, ಕೀಬೋರ್ಡು, ಟಾರ್ಚು, ಸೈಕಲ್ ಬೆಲ್ಲು, ಇವೆಲ್ಲ ಆಗುತ್ತವೆ, ಸೆಲ್ಲಿದ್ದರೆ ನೀವೇ ಮೊದಲು ತೆಗೆದಿಡಿ. ಪ್ಲಗ್ಗಿಗೆ ಹಾಕುವ ಯಾವುದೂ ಬೇಡ. ಹಳೆ ಡಬ್ಬಾ ಟಿವಿ, ಮೈಕ್ರೋವೇವ್, ಕ್ಯಾಮೆರಾ ಫ್ಲ್ಯಾಶ್ ಅಂತೂ ಮುಟ್ಟಿಸಲೇಬೇಡಿ, ಅವುಗಳೊಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆದರೆ ಪಾದರಸ. ಮೊಬೈಲ್, ಪವರ್ ಬ್ಯಾಂಕಿನ ಬ್ಯಾಟರಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಬಟನ್ ಸೆಲ್ಲು. ಚಿಕ್ಕ ರಿಮೋಟು, ಮಿನುಗುವ ಆಟಿಕೆ, ತೂಕದ ಯಂತ್ರದಲ್ಲಿ ಇರುವ ಆ ಚಪ್ಪಟೆ ನಾಣ್ಯದಂಥದ್ದು. ನುಂಗಿ ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಇಂಥ ಸೆಲ್ಲು ಡಬ್ಬಿಯೊಳಗೆ ಬರಲೇಬಾರದು.

ಕೋಡಿಂಗ್ ಕ್ಲಾಸಿಗೆ ದುಡ್ಡು ಸುರಿಯುವ ಅವಸರ ಏನಿದೆ? ಸ್ಕ್ರ್ಯಾಚ್ ಜೂನಿಯರ್ ಎಂಬ ಆ್ಯಪ್ 5ರಿಂದ 7 ವರ್ಷದವರಿಗೆಂದೇ ಮಾಡಿದ್ದು, 2014ರಲ್ಲಿ ಬಂತು, ಪುಕ್ಕಟೆ. ಅದರ ಅಣ್ಣ ಸ್ಕ್ರ್ಯಾಚ್, 2007ರದ್ದು, ಎಂಟು ವರ್ಷದ ಮೇಲಿನವರಿಗೆ. ದಿನಕ್ಕೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಆಡಿಸಿ, ಸಾಕು. ಅದಕ್ಕೂ ಮೊದಲು ಪರದೆಯೇ ಇಲ್ಲದೆ ಆಡಿ. ಲೋಗೋ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಕ್ಕಳು ಒಂದು ಆಮೆಗೆ ಎಷ್ಟು ನಡೆಯಬೇಕು, ಎತ್ತ ತಿರುಗಬೇಕು ಎಂದು ಸೂಚನೆ ಕೊಡುತ್ತಾರೆ. ಮಕ್ಕಳಿಗಾಗಿ 1967ರಲ್ಲಿ ಅದನ್ನು ಮಾಡಿದವರಲ್ಲಿ ಒಬ್ಬರಾದ ಸೀಮರ್ ಪ್ಯಾಪರ್ಟ್, ಆಮೆಗೆ ಹೇಳುವ ಮೊದಲು ನೀನೇ ಆಮೆಯಾಗಿ ನಡೆದು ನೋಡು ಎನ್ನುತ್ತಿದ್ದರು. ನೀವು ಆಮೆಯಾಗಿ, ಮಗ ಹೇಳಲಿ: ಮೂರು ಹೆಜ್ಜೆ ಮುಂದೆ, ಬಲಕ್ಕೆ ತಿರುಗು. ಅವನು ಹೇಳಿದಷ್ಟೇ ಮಾಡಿ, ಒಂದು ಹೆಜ್ಜೆಯೂ ಜಾಸ್ತಿ ಹಾಕಬೇಡಿ. ಹಾಲ್‌ನಿಂದ ಅಡುಗೆಮನೆಗೆ ನಿಮ್ಮನ್ನು ತಲುಪಿಸುವಷ್ಟರಲ್ಲಿ ತನ್ನ ಸೂಚನೆಯಲ್ಲಿ ಎಲ್ಲಿ ತಪ್ಪಿತು ಎಂದು ಅವನಿಗೇ ತಿಳಿಯುತ್ತದೆ. ಪುಣೆಯಲ್ಲೇ ಇದ್ದೀರಿ, ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳ ವಿಜ್ಞಾನದ ಸಂಸ್ಥೆ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರ ಇದೆ, ಅರವಿಂದ ಗುಪ್ತಾ ಕೆಲಸ ಮಾಡಿದ ಜಾಗ. ವಿಚಾರಿಸಿಕೊಂಡು ಒಮ್ಮೆ ಕರೆದುಕೊಂಡು ಹೋಗಿ.

ಪ್ರಶ್ನೆ: ಐದನೇ ತರಗತಿಯ ಮಗಳಿಗೆ ಶಾಲೆಯಲ್ಲಿ ಮಳೆನೀರಿನ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಠಾಣೆಯಲ್ಲಿ ನಮ್ಮ ಮನೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ಥರ್ಮೋಕೋಲಿನ ರೆಡಿಮೇಡ್ ಮಾಡೆಲ್ ಸಿಗುತ್ತದೆ, ಎಲ್ಲರೂ ಅದನ್ನೇ ತರುತ್ತಾರೆ, ಮಾರ್ಕ್ಸೂ ಬರುತ್ತದೆ. ನಾನೂ ತರಲಾ?

ಉತ್ತರ: ತರಬೇಡಿ. ಅದರಿಂದ ಅವಳು ಕಲಿಯುವುದು ಏನೂ ಇಲ್ಲ. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆಯಂತೆ ಇಡಲಿ. ಬಾಟಲಿ ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು. ತಳ ಸಮ ಇರುವುದಿಲ್ಲವಲ್ಲ, ಅದಕ್ಕೆ ಕಲ್ಲು ಹಾಕಿ ಸ್ವಲ್ಪ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಿ ಸ್ಕೇಲು ಅಂಟಿಸಲಿ. ಮಳೆಮಾಪಕ ಆಯಿತು. ಟೆರೇಸಿನಲ್ಲಿ ಇಟ್ಟು ದಿನಾ ಬೆಳಿಗ್ಗೆ ಓದಿ ಬರೆದಿಡಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು ಎಂದು ಹೇಳಿ, ಗೋಡೆಯ ಮೇಲೆ ಅಷ್ಟು ಎತ್ತರ ಅಳೆದು ಗೆರೆ ಎಳೆಯಲು ಹೇಳಿ. ಅವಳ ಸೊಂಟಕ್ಕಿಂತ ಮೇಲೆ ಬರುತ್ತದೆ. ಮಾರ್ಕ್ಸ್ ಎರಡು ಕಡಿಮೆ ಬಂದರೆ ಬರಲಿ. ಟೀಚರನ್ನು ಭೇಟಿಯಾಗಿ, ಪ್ರಾಜೆಕ್ಟನ್ನು ಕ್ಲಾಸಿನಲ್ಲೇ ಮಾಡಿಸಲು ಆಗುತ್ತದಾ ಎಂದು ವಿನಯದಿಂದ ಕೇಳಿ. ನಿಮ್ಮಂತೆ ಯೋಚಿಸುವ ಪಾಲಕರು ಇನ್ನೂ ಇರುತ್ತಾರೆ, ಒಟ್ಟಿಗೆ ಹೋದರೆ ಮಾತಿಗೆ ತೂಕ ಜಾಸ್ತಿ.

ಪ್ರಶ್ನೆ: ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದವನು. ಮೊಮ್ಮಗಳು ಮೂರನೇ ತರಗತಿ. ಅವಳ ಶಾಲೆಯ ಮಕ್ಕಳಿಗೆ ಉಪಕರಣ ಹಿಡಿಯುವುದನ್ನು ಕಲಿಸಬೇಕು ಅಂತ ಆಸೆ. ಇಷ್ಟು ಚಿಕ್ಕವರಿಗೆ ಕೊಡಬಹುದಾ?

ಉತ್ತರ: ಹಿರಿಯರೇ, ಖಂಡಿತ ಕೊಡಬಹುದು, ನಿಮ್ಮಂಥವರು ಶಾಲೆಗೆ ಬರಬೇಕು ಎಂಬುದೇ ನನ್ನ ಆಸೆಯೂ. ಪುಣೆ ಜಿಲ್ಲೆಯ ಪಾಬಳದಲ್ಲಿ ಡಾ. ಕಲ್ಬಾಗ್ 1983ರಲ್ಲಿ ವಿಜ್ಞಾನ ಆಶ್ರಮ ಕಟ್ಟಿದ್ದು ಇದೇ ನಂಬಿಕೆಯಿಂದ, ಕೆಲಸ ಮಾಡುತ್ತಾ ಕಲಿಯಬೇಕು ಎಂದು. ಅಲ್ಲಿ ದೊಡ್ಡ ಮಕ್ಕಳು ವೆಲ್ಡಿಂಗನ್ನೂ ಕಲಿಯುತ್ತಾರೆ. ಎಂಟು ವರ್ಷದವರಿಗೆ ಸ್ಕ್ರೂಡ್ರೈವರ್, ಸ್ಪ್ಯಾನರ್, ಇಕ್ಕಳ, ಹಗುರ ಸುತ್ತಿಗೆ ಆಗುತ್ತದೆ. ಗರಗಸವೂ ಆಗುತ್ತದೆ, ಮರವನ್ನು ವೈಸಿನಲ್ಲಿ ಬಿಗಿದು, ಒಮ್ಮೆಗೆ ಒಂದೇ ಮಗು, ಪಕ್ಕದಲ್ಲಿ ನೀವು. ಮಕ್ಕಳ ಕೈ ಚಿಕ್ಕದು, ಉಪಕರಣವೂ ಚಿಕ್ಕದಿರಲಿ, ಮೊಂಡಾದದ್ದು ಬೇಡ, ಮೊಂಡು ಗರಗಸವೇ ಜಾರಿ ಕೈ ಕುಯ್ಯುವುದು. ಇದು ನಿಮಗೆ ನಾನು ಹೇಳಬೇಕಾಗಿಲ್ಲ. ಸುತ್ತಿಗೆ, ಗರಗಸ ಹಿಡಿದಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ಸೋಲ್ಡರಿಂಗ್ ಈಗ ಬೇಡ, ಬಿಸಿ ಜಾಸ್ತಿ, ಸೀಸ ಇರುವ ಸೋಲ್ಡರ್ ಚಿಕ್ಕವರಿಗೆ ಒಳ್ಳೆಯದಲ್ಲ. ವೈರು ತಿರುಚಿ ಟೇಪು ಸುತ್ತಿದರೆ ಸಾಕು.

ಹೆಡ್ಮಾಸ್ತರರನ್ನು ಕಂಡು ವಾರಕ್ಕೊಂದು ಪಿರಿಯಡ್ ಕೇಳಿ, ಒಮ್ಮೆಗೆ ಎಂಟು ಹತ್ತು ಮಕ್ಕಳನ್ನಷ್ಟೇ ಕರೆದುಕೊಳ್ಳಿ, ಕ್ಲಾಸ್ ಟೀಚರೂ ಜೊತೆಗಿರಲಿ. ಮೊದಲ ದಿನ ಒಂದು ಹಲಗೆಗೆ ಬೇರೆ ಬೇರೆ ಅಳತೆಯ ಸ್ಕ್ರೂ, ನಟ್ಟು, ಬೋಲ್ಟು ಹಾಕಿ ತೆಗೆದುಕೊಂಡು ಹೋಗಿ, ಬಿಚ್ಚಿ ಮತ್ತೆ ಹಾಕಲಿ. ಯಾವ ಸ್ಕ್ರೂಗೆ ಯಾವ ಸ್ಕ್ರೂಡ್ರೈವರ್, ಯಾವ ಕಡೆ ತಿರುಗಿಸಿದರೆ ಬಿಗಿ, ಯಾವ ಕಡೆ ಸಡಿಲ, ಅವರ ಕೈಗೇ ತಿಳಿಯಲಿ. ನಿಮ್ಮ ಮೊಮ್ಮಗಳು ಮೊದಲೇ ಮನೆಯಲ್ಲಿ ಕಲಿತಿದ್ದರೆ ಆ ದಿನ ಅವಳೇ ಬೇರೆ ಮಕ್ಕಳಿಗೆ ತೋರಿಸಲಿ. ಎರಡನೇ ವಾರಕ್ಕೆ ಶಾಲೆಯ ಅಲುಗಾಡುವ ಬೆಂಚು ಯಾವುದು ಎಂದು ಮಕ್ಕಳನ್ನೇ ಕೇಳಿ, ಅದರಿಂದಲೇ ಕೆಲಸ ಶುರು ಮಾಡಿ.