ಸಂಪಾದಕರ ಉತ್ತರ: ದೃಷ್ಟಿ ಸರಿಯಿದ್ದರೂ ಬ್ರೇಕ್ ತಡವಾಗುವುದೇಕೆ?

ಮಾನ್ಯರೇ,

ಬ್ಲೂಟೂತ್ ಇಯರ್‌ಫೋನಿನಲ್ಲಿ ಕಚೇರಿಯ ಲೆಕ್ಕಪತ್ರದ ಬಗ್ಗೆ ಮಾತನಾಡುತ್ತ ಸ್ಕೂಟರ್ ಓಡಿಸುತ್ತಿದ್ದಾಗ, ಎಡಗಡೆಯಿಂದ ಬಂದ ಸೈಕಲ್ ತೀರ ಹತ್ತಿರವಾದ ಮೇಲಷ್ಟೇ ನಿಮ್ಮ ಗಮನಕ್ಕೆ ಬಂದಿತೆಂದು ಬರೆದಿದ್ದೀರಿ. ದೃಷ್ಟಿ 6/6 ಇದ್ದು, ಎರಡೂ ಕೈಗಳು ಹ್ಯಾಂಡಲ್ ಮೇಲಿದ್ದರೂ ಹೀಗೇಕಾಯಿತೆಂಬುದು ನಿಮ್ಮ ಪ್ರಶ್ನೆ.

6/6 ಎಂಬುದು ನೋಟದ ನಡುಭಾಗದ ಅಳತೆ ಮಾತ್ರ. ಅಕ್ಷರಗಳನ್ನು ಸ್ಪಷ್ಟವಾಗಿ ಓದಬಲ್ಲ ಭಾಗ ಸುಮಾರು ಎರಡು ಡಿಗ್ರಿಯಷ್ಟು ಕಿರಿದು. ಅದರ ಸುತ್ತಲಿನ ವಿಶಾಲವಾದ ಅಂಚು ವಿವರಗಳನ್ನು ಕಾಣದಿದ್ದರೂ ಚಲನೆಯನ್ನು ಗುರುತಿಸಬಲ್ಲದು. ಆದರೆ ಅಂಚಿನಲ್ಲಿ ಕಂಡದ್ದಕ್ಕೆ ಎಷ್ಟು ಬೇಗ ಸ್ಪಂದಿಸುತ್ತೇವೆ ಎಂಬುದು ಕಣ್ಣಿಗಿಂತ ಹೆಚ್ಚಾಗಿ ಗಮನಕ್ಕೆ ಸೇರಿದ್ದು. ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಪೋಸ್ನರ್ 1980ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರದೆಯ ನಡುವೆ ದೃಷ್ಟಿ ನೆಟ್ಟು ಕುಳಿತವರಿಗೆ ಬೆಳಕು ಯಾವ ಬದಿಯಲ್ಲಿ ಮೂಡಬಹುದೆಂಬ ಸುಳಿವನ್ನು ಮೊದಲೇ ಕೊಡಲಾಗುತ್ತಿತ್ತು. ಕಣ್ಣು ಕದಲದಿದ್ದರೂ, ಸುಳಿವು ನಿಜವಾದಾಗ ಅವರು ಬೇಗ ಗುಂಡಿ ಒತ್ತುತ್ತಿದ್ದರು, ಸುಳ್ಳಾದಾಗ ತಡಮಾಡುತ್ತಿದ್ದರು.

ಮನಸ್ಸಿಗೆ ವಹಿಸಿದ ಕೆಲಸ ಕಠಿಣವಾದಷ್ಟೂ ಅಂಚಿಗೆ ಸಿಗುವ ಗಮನ ಕಡಿಮೆಯಾಗುತ್ತದೆ. ಚಾಲಕರಲ್ಲಿ ಇದನ್ನು ಅಳೆಯಲು ಒಂದು ಸರಳ ವಿಧಾನವಿದೆ: ನೇರ ನೋಟದಿಂದ ಆಚೆ ಕೆಲವು ಸೆಕೆಂಡುಗಳಿಗೊಮ್ಮೆ ಪುಟ್ಟ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತದೆ, ಅದು ಕಂಡೊಡನೆ ಬೆರಳಿಗೆ ಕಟ್ಟಿದ ಸ್ವಿಚ್ಚನ್ನು ಒತ್ತಬೇಕು. ಚಾಲನೆ ಜಟಿಲವಾದಾಗ ಒತ್ತುವುದು ತಡವಾಗುತ್ತದೆ. ಕೆಲವು ಸಲ ದೀಪ ಹೊತ್ತಿದ್ದೇ ತಿಳಿಯುವುದಿಲ್ಲ.

ಕೈ ಖಾಲಿಯಿದ್ದರೆ ಸಾಕೆಂಬ ನಿಮ್ಮ ನಂಬಿಕೆ ಅನೇಕರದು, ಆದ್ದರಿಂದಲೇ ಅದು ನನ್ನನ್ನು ಚಿಂತೆಗೀಡುಮಾಡುತ್ತದೆ. ಮನೋವಿಜ್ಞಾನಿಗಳಾದ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಾಲನೆಯನ್ನು ಹೋಲುವ ಕೆಲಸ ಮಾಡುತ್ತ ಫೋನಿನಲ್ಲಿ ಸಂಭಾಷಿಸಿದವರು ಸಿಗ್ನಲ್‌ಗಳನ್ನು ಎರಡು ಪಟ್ಟು ಹೆಚ್ಚಾಗಿ ತಪ್ಪಿಸಿಕೊಂಡರು, ಗುರುತಿಸಿದವಕ್ಕೂ ನಿಧಾನವಾಗಿ ಸ್ಪಂದಿಸಿದರು. ಫೋನನ್ನು ಕೈಯಲ್ಲಿ ಹಿಡಿದವರಿಗೂ ಹಿಡಿಯದವರಿಗೂ ವ್ಯತ್ಯಾಸವಿರಲಿಲ್ಲ. ರೇಡಿಯೊ ಕೇಳುವುದರಿಂದಾಗಲಿ, ಹೇಳಿಕೊಟ್ಟ ಪದವನ್ನು ಮರಳಿ ಉಚ್ಚರಿಸುವುದರಿಂದಾಗಲಿ ಅಂಥ ತೊಡಕು ಕಾಣಲಿಲ್ಲ. ಯೋಚಿಸಿ ಹೊಸ ಪದ ಹೇಳಬೇಕಾದಾಗ ಚಾಲನೆ ಕೆಟ್ಟಿತು. ಲೆಕ್ಕಪತ್ರದ ಚರ್ಚೆ ಈ ಕೊನೆಯ ಬಗೆಯದು.

ಗಂಟೆಗೆ 40 ಕಿಲೋಮೀಟರ್ ವೇಗದ ಸ್ಕೂಟರ್ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡ್ ತಡವಾದರೆ, ಬ್ರೇಕ್ ಹಿಡಿಯುವ ಮೊದಲೇ ಐದೂವರೆ ಮೀಟರ್ ಕಳೆದಿರುತ್ತದೆ. ಕರೆ ಬಂದರೆ ದಯವಿಟ್ಟು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಯೇ ಮಾತನಾಡಿ.

ಫೋನ್ ಇಲ್ಲದಾಗಲೂ ಪಕ್ಕದಿಂದ ಬರುವವರು ತಡವಾಗಿಯೇ ಕಾಣುತ್ತಿದ್ದರೆ ವಿಚಾರ ಬೇರೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಸಾಮಾನ್ಯವಾಗಿ ಅಂಚಿನ ದೃಷ್ಟಿಯನ್ನೇ ಮೊದಲು ಕುಗ್ಗಿಸುವುದರಿಂದ, 6/6 ಇದ್ದವರಲ್ಲೂ ಅದು ಗೊತ್ತಾಗದೆ ಇರಬಹುದು. ನೇತ್ರತಜ್ಞರಲ್ಲಿ ಪೆರಿಮೆಟ್ರಿ, ಅಂದರೆ ದೃಷ್ಟಿಕ್ಷೇತ್ರದ ಪರೀಕ್ಷೆ, ಮಾಡಿಸಬೇಕೆಂದು ಕೇಳಿ.

– ಸಂಪಾದಕ